ಶಾಲೆಯ ಸೂರು ಯಾರದು?

ಹಳ್ಳಿಯ ಸರ್ಕಾರಿ ಶಾಲೆಯ ಗೋಡೆಗಳಲ್ಲಿ ಕೂರಿಸಿದ ಕಲ್ಲುಗಳನ್ನು ನೀವು ಗಮನಿಸಿರಬಹುದು. ಹಳೆಯ ಕೊಠಡಿಯಾದರೆ ಊರ ಬಂಡೆಯದೇ ಒಂದು ತುಂಡು, ಈಚಿನದಾದರೆ ನುಣುಪಾದ ಕರಿಕಲ್ಲು. ಶಂಕುಸ್ಥಾಪನೆ ಮಾಡಿದವರು ಯಾರು, ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಯಾವ ಯೋಜನೆಯ ಹಣ, ಅಂದಾಜು ವೆಚ್ಚ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ವರ್ಗವಾಗಿ ಊರೂರು ತಿರುಗುತ್ತ, ತರಬೇತಿಗೆಂದೋ ಚುನಾವಣೆ ಕೆಲಸಕ್ಕೆಂದೋ ಹತ್ತಾರು ಶಾಲೆಗಳಲ್ಲಿ ತಂಗುತ್ತ, ಇಂಥ ಕಲ್ಲುಗಳನ್ನು ಓದುವ ಚಪಲ ನನಗೆ ಅಂಟಿಕೊಂಡಿತು. ಆದರೆ "ಈ ಕೊಠಡಿಯ ಸೂರನ್ನು ಇಂಥ ವರ್ಷ ಇಂಥವರು ರಿಪೇರಿ ಮಾಡಿಸಿದರು" ಎಂಬ ಕಲ್ಲನ್ನು ಈವರೆಗೆ ಒಂದೂ ಕಂಡಿಲ್ಲ.

ಹಳೆಯ ಶಾಸನಗಳಲ್ಲಿ ಅದಕ್ಕೂ ಜಾಗವಿತ್ತು. ದೇವಸ್ಥಾನಕ್ಕೆ ದತ್ತಿ ಬಿಡುವಾಗ ಪೂಜೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂದು ಬರೆಸಿದ ಹಾಗೆಯೇ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಇಷ್ಟು ಎಂದೂ ಬರೆಸುತ್ತಿದ್ದರು. ಒಡೆದದ್ದನ್ನು, ಬಿರಿದದ್ದನ್ನು ಸರಿಪಡಿಸುವ ಖರ್ಚು ಎಂದು ಅದರ ಅರ್ಥ. ಕೆರೆ ಕಟ್ಟಿಸಿದವರೂ ಅಷ್ಟೇ. ಕಟ್ಟುಕೊಡಗೆ ಎಂದು ಜಮೀನು ಬಿಟ್ಟು ಏರಿ, ತೂಬುಗಳನ್ನು ನೋಡಿಕೊಳ್ಳುವ ಏರ್ಪಾಡನ್ನು ಮೊದಲೇ ಮಾಡುತ್ತಿದ್ದರು. ಕಟ್ಟಿದ ದಿನವೇ, ಇದು ಒಂದು ದಿನ ಬಿರಿಯುತ್ತದೆ ಎಂದು ಒಪ್ಪಿಕೊಳ್ಳುವ ವಿವೇಕ ಅದು. ನಮ್ಮ ಸರ್ಕಾರಿ ಶಾಲೆಗಳ ಚರಿತ್ರೆಯಲ್ಲಿ ಈ ವಿವೇಕ ಎಲ್ಲಿ ತಪ್ಪಿಹೋಯಿತು ಎಂದು ಹುಡುಕುವುದು ಈ ಬರಹದ ಉದ್ದೇಶ.

ನನ್ನ ಮನಸ್ಸಿನಲ್ಲಿರುವ ಸೀಮೆ ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯ ಸುತ್ತಮುತ್ತಲಿನದು. ಕಂದಾಯದ ಲೆಕ್ಕಕ್ಕೆ ಇದು ತುಮಕೂರು ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿಯೇ ಒಂದು ಶೈಕ್ಷಣಿಕ ಜಿಲ್ಲೆ. ಬಂಡೆ, ಬೆಟ್ಟ, ಕಡಲೆಕಾಯಿ ಹೊಲ, ಜಾಲಿ ಪೊದೆಗಳ ಊರುಗಳು. ಜಯಮಂಗಲಿ ನದಿ ಎಂದು ಹೆಸರಿದ್ದರೂ ವರ್ಷದ ಬಹುಕಾಲ ಅದರಲ್ಲಿ ಮರಳೇ. ಮಳೆ ಅಪರೂಪ, ಬಂದರೆ ಒಂದೇ ಸಲಕ್ಕೆ. 2022ರಲ್ಲಿ ಹಾಗೆ ಬಂದಾಗ ಜಯಮಂಗಲಿ ಉಕ್ಕಿ ಹರಿದಿತ್ತು. ಮಲೆನಾಡಿನಲ್ಲಿ ಸೂರು ಸೋರಿದರೆ ನಾಲ್ಕು ತಿಂಗಳು ಸೋರುತ್ತದೆ, ಆದ್ದರಿಂದ ಅದನ್ನು ಮರೆಯುವುದಕ್ಕಾಗುವುದಿಲ್ಲ. ನಮ್ಮ ಕಡೆ ಸೋರುವ ದಿನಗಳು ವರ್ಷಕ್ಕೆ ಹತ್ತೋ ಹದಿನೈದೋ. ಆ ದಿನ ಬೆಂಚು ಎಳೆದು ಬಕೆಟ್ಟು ಇಟ್ಟರಾಯಿತು, ಬಿಸಿಲು ಬಂದ ಮೇಲೆ ಸೋರಿದ್ದೇ ನೆನಪಿರುವುದಿಲ್ಲ. ನೆನಪು ಬರುವ ಹೊತ್ತಿಗೆ ಗಾರೆ ಉದುರಿರುತ್ತದೆ.

ಹಿಂದೆ ಶಾಲೆಗೆ ಸ್ವಂತದ ಸೂರೇ ಇರಲಿಲ್ಲ. ಕೂಲಿಮಠಗಳು ದೇವಸ್ಥಾನದ ಪ್ರಾಂಗಣದಲ್ಲಿ, ಶಾನುಭೋಗರ ಮನೆಯ ಜಗಲಿಯಲ್ಲಿ, ಛತ್ರದ ಮೂಲೆಯಲ್ಲಿ ನಡೆದವು. ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಹೆಣ್ಣುಮಕ್ಕಳಿಗೂ ಕೆಳಜಾತಿಯ ಮಕ್ಕಳಿಗೂ ಆ ಜಗಲಿ ಹತ್ತುವ ಹಕ್ಕಿರಲಿಲ್ಲ ಎಂಬುದನ್ನು ಮರೆತು ಆ ಕಾಲವನ್ನು ಹೊಗಳಬೇಕಾಗಿಲ್ಲ. ಆದರೆ ಜಗಲಿ ಯಾರದೋ ಒಬ್ಬರದಾಗಿತ್ತು. ಅದನ್ನು ಬೆಳಿಗ್ಗೆ ಎದ್ದು ಸಾರಿಸುವ ಒಬ್ಬ ಹೆಂಗಸು ಆ ಮನೆಯಲ್ಲಿದ್ದಳು.

1854ರ ವುಡ್ ವರದಿಯ ಬಳಿಕ 1857ರಲ್ಲಿ ಮೈಸೂರು ಸೀಮೆಗೆ ಶಿಕ್ಷಣ ಇಲಾಖೆ ಬಂತು. 1868ರಲ್ಲಿ ಶಾಸನಗಳ ಸಂಗ್ರಹಕ್ಕೆ ಹೆಸರಾದ ಬಿ.ಎಲ್. ರೈಸ್ ಅವರೇ ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದರು. ಅದರಲ್ಲಿದ್ದ ಒಪ್ಪಂದ ಸರಳ: ಮೇಷ್ಟ್ರ ಸಂಬಳ ಸರ್ಕಾರದ್ದು, ಶಾಲೆಯ ಕಟ್ಟಡ ಊರವರದು. ಅದಕ್ಕೆ ತಕ್ಕಂತೆ ಭೂಕಂದಾಯದ ಜೊತೆ ಕರವೂ ಬಂತು. ಇಂದು ಪುರವರ ಎಂಬ ಹೆಸರಿನ ಮುಂದೆ ನಾವು ಸಲೀಸಾಗಿ ಸೇರಿಸುವ 'ಹೋಬಳಿ' ಎಂಬ ಮಾತು ಶಾಲೆಯ ಚರಿತ್ರೆಗೂ ಸೇರಿದ್ದು ಹೀಗೆ. ಸೂರಿನ ಗೊಂದಲದ ಬೀಜವೂ ಆ ಒಪ್ಪಂದದಲ್ಲೇ ಇದೆ ಎಂದು ನನಗೆ ತೋರುತ್ತದೆ. ಪಾಠ ಒಬ್ಬರದು, ಗೋಡೆ ಇನ್ನೊಬ್ಬರದು. ಆ ಬಳಿಕ ಹತ್ತು ವರ್ಷವೂ ಕಳೆಯದೆ 1876-78ರ ದೊಡ್ಡ ಬರ ಬಂದು ಮೈಸೂರು ಸೀಮೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಅಳಿಸಿಹೋಯಿತು. ಹಸಿದ ಊರು ತನ್ನ ಮನೆಯ ಸೂರನ್ನೇ ನೋಡಿಕೊಳ್ಳಲಾರದು, ಶಾಲೆಯದನ್ನು ಹೇಗೆ ನೋಡೀತು?

ಮುಂದೆ ಆ ಗೋಡೆ ಒಂದೊಂದು ಕಾಲಕ್ಕೆ ಒಬ್ಬೊಬ್ಬರ ಕೈಗೆ ಹೋಯಿತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಕಾನೂನಾಯಿತು. 1930ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಸಂಸ್ಥೆಗಳಿಗೆ ಒಪ್ಪಿಸಿತು, 1941ರ ಕಾನೂನು ಅವನ್ನು ಮತ್ತೆ ಸರ್ಕಾರದ ಕೈಗೆ ತಂದಿತು. 1961ರಲ್ಲಿ ಕಡ್ಡಾಯ ಶಿಕ್ಷಣ ರಾಜ್ಯಕ್ಕೆಲ್ಲ ಬಂತು. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಶಾಲೆಗಳು ಅವುಗಳ ಕೈಗೆ ಹೋದವು, 1993ರ ಕಾಯ್ದೆಯಿಂದ ಪರಿಷತ್ತು ಪಂಚಾಯಿತಿಯಾಯಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಾವು ದಿನಬಳಕೆಯಲ್ಲಿ ಎಸ್.ಡಿ.ಎಂ.ಸಿ. ಎನ್ನುವುದು, ಹುಟ್ಟಿತು. ಈಗ ಸೂರು ಸೋರಿದರೆ ಮುಖ್ಯೋಪಾಧ್ಯಾಯಿನಿ ಬಿ.ಇ.ಓ. ಕಚೇರಿಗೆ ಬರೆಯಬೇಕು, ಗ್ರಾಮ ಪಂಚಾಯಿತಿಗೆ ಬರೆಯಬೇಕು, ಎಂಜಿನಿಯರು ಬಂದು ಅಂದಾಜುಪಟ್ಟಿ ಮಾಡಬೇಕು, ಶಾಸಕರಿಗೆ ಮನವಿ ಕೊಡಬೇಕು. ಎಲ್ಲರೂ ಸಂಬಂಧಪಟ್ಟವರೇ. ಹತ್ತು ಜನ ಅತ್ತೆಯರಿರುವ ಮನೆಯಲ್ಲಿ ಹಾಲು ಉಕ್ಕಿದರೂ ಒಲೆ ಆರಿಸುವವರು ಯಾರೆಂದು ಗೊತ್ತಾಗದ ಸ್ಥಿತಿ ಅದು.

ಕಟ್ಟುವ ರೀತಿಯೂ ಬದಲಾಯಿತು. ನಮ್ಮ ಸೀಮೆಯ ಹಳೆಯ ಶಾಲೆಗಳು ಊರ ಕಲ್ಲಿನ ದಪ್ಪ ಗೋಡೆಯವು. ಮೇಲೆ ಕಲ್ಲುಚಪ್ಪಡಿ, ಇಲ್ಲವೇ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ನಾಡಿನ ಶಾಲೆಗಳ ಗುರುತೇ ಆಗಿಬಿಟ್ಟಿತು. ಕೋತಿ ಕುಣಿದು ನಾಲ್ಕು ಹೆಂಚು ಒಡೆದರೆ ಏಣಿ ಹಾಕಿ ಹತ್ತಿ ನಾಲ್ಕು ಹೆಂಚು ಬದಲಾಯಿಸಿದರಾಯಿತು, ಅದಕ್ಕೆ ಎಂಜಿನಿಯರು ಬೇಕಿರಲಿಲ್ಲ. ಚಪ್ಪಡಿಯ ಸಂದು ಬಿರಿದರೆ ಗಾರೆ ತುಂಬುವುದು ಊರಿನ ಗಾರೆಯವನಿಗೆ ಗೊತ್ತಿತ್ತು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದು, ಮರುವರ್ಷ 'ಆಪರೇಷನ್ ಬ್ಲಾಕ್‌ಬೋರ್ಡ್' ಶುರುವಾಯಿತು. ಪ್ರತಿ ಪ್ರಾಥಮಿಕ ಶಾಲೆಗೂ ಎಲ್ಲ ಕಾಲಕ್ಕೂ ಒದಗುವ ಎರಡು ದೊಡ್ಡ ಕೋಣೆ, ಅಗಲವಾದ ವರಾಂಡ, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕಡೆಯಪಕ್ಷ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಅವರಲ್ಲಿ ಒಬ್ಬಳು ಮಹಿಳೆ ಎಂದು ಅದು ಹೇಳಿತು. ನನ್ನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರಾಗಲು ಆ ಕೊನೆಯ ಮಾತು ಒಂದು ಬಾಗಿಲು ತೆರೆಯಿತು ಎಂಬ ಕೃತಜ್ಞತೆ ನನಗಿದೆ. ಆದರೆ ಕಟ್ಟಡದ ಹಣ ಗ್ರಾಮೀಣ ಉದ್ಯೋಗದ ಯೋಜನೆಗಳಿಂದ, ಮುಂದೆ 1989ರಲ್ಲಿ ಬಂದ ಜವಾಹರ್ ರೋಜ್‌ಗಾರ್ ಯೋಜನೆಯಿಂದ ಬರಬೇಕಿತ್ತು. ಆ ಯೋಜನೆಯಲ್ಲಿ ನೂರಕ್ಕೆ ಅರವತ್ತು ಕೂಲಿಗೆ, ನಲವತ್ತು ಸಾಮಗ್ರಿಗೆ ಎಂಬ ಲೆಕ್ಕ. ಬರಗಾಲದ ಸೀಮೆಯಲ್ಲಿ ಕೂಲಿ ಕೊಟ್ಟದ್ದು ಒಳ್ಳೆಯದೇ. ಆದರೆ ತಾರಸಿಯ ಕಟ್ಟಡ ಮಣ್ಣಿನ ರಸ್ತೆಯಲ್ಲ. ಅದಕ್ಕೆ ಬೇಕಾದದ್ದು ಸಿಮೆಂಟು, ಕಬ್ಬಿಣ, ಜಲ್ಲಿ, ಸಾಕಷ್ಟು ದಿನ ನೀರು ಕಟ್ಟಿ ನಿಲ್ಲಿಸುವ ತಾಳ್ಮೆ. ಸಾಮಗ್ರಿಯಲ್ಲಿ ಹಿಡಿತ ಮಾಡಿದ ತಾರಸಿ ಮೊದಲ ಹತ್ತು ವರ್ಷ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಆಗುವುದನ್ನು ಗೃಹಿಣಿಯರಿಗೆ ನಾನು ಹೇಳಬೇಕಿಲ್ಲ. ತಾರಸಿಯ ಮೇಲೆ ಎಲೆ, ಕಸ ಸೇರಿ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ನಿಂತ ನೀರು ಕೂದಲೆಳೆಯಂಥ ಬಿರುಕಿನಲ್ಲಿ ಇಳಿದು ಒಳಗಿನ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದ ಕಂಬಿ ತನ್ನ ಕೆಳಗಿನ ಕಾಂಕ್ರೀಟನ್ನು ದೂಡುತ್ತದೆ, ಒಂದು ದಿನ ಹಪ್ಪಳದ ಹಾಗೆ ಎದ್ದ ಗಾರೆಯ ಚಕ್ಕೆ ಕೆಳಗೆ ಬೀಳುತ್ತದೆ. ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿಯ ಸಸಿ ಎದ್ದರೆ ಕೆಲಸ ಇನ್ನೂ ಬೇಗ. ತಾರಸಿ ಗುಡಿಸಿ ತೂತು ಬಿಡಿಸುವುದಕ್ಕೆ ಅರ್ಧ ದಿನದ ಕೂಲಿ ಸಾಕು. ಬಿರುಕಿಗೆ ಮದ್ದು ಮಾಡಲು ಕೆಲವು ಸಾವಿರ ಬೇಕು. ಚಕ್ಕೆ ಬಿದ್ದ ಮೇಲೆ ಲಕ್ಷದ ಮಾತು. ಇಲಾಖೆ ವರ್ಷವರ್ಷವೂ ತುಂಬಿಸಿಕೊಳ್ಳುವ ನಮೂನೆಯಲ್ಲಿ ಕೊಠಡಿಗಳನ್ನು ಸುಸ್ಥಿತಿ, ಸಣ್ಣ ರಿಪೇರಿ, ದೊಡ್ಡ ರಿಪೇರಿ ಎಂದು ವಿಂಗಡಿಸಿ ಬರೆಯುತ್ತೇವೆ. ಒಂದೇ ಕೊಠಡಿ ಮೊದಲನೆಯ ಅಂಕಣದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಜಾರುವುದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಬರೆದಷ್ಟು ಸುಲಭವಾಗಿ ಹಣ ಬರುವುದಿಲ್ಲ.

ಹಣ ಬಂದೇ ಇಲ್ಲವೆಂದರೆ ಅನ್ಯಾಯವಾದೀತು. ಸರ್ವ ಶಿಕ್ಷಣ ಅಭಿಯಾನದಲ್ಲಿ ಮೂರು ಕೊಠಡಿಯವರೆಗಿನ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 10,000 ರೂಪಾಯಿ ದುರಸ್ತಿ ಅನುದಾನವಿತ್ತು. 2018ರಲ್ಲಿ ಸಮಗ್ರ ಶಿಕ್ಷಣ ಬಂದ ಮೇಲೆ ಎಲ್ಲ ಸೇರಿಸಿ ಒಂದೇ ಶಾಲಾ ಅನುದಾನವಾಯಿತು. ಮಕ್ಕಳ ಸಂಖ್ಯೆಯೇ ಅದರ ಅಳತೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಇದರಲ್ಲೇ ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲು, ರಿಪೇರಿ ಎಲ್ಲವೂ. ಚಾವಣಿಗೆ ಮಕ್ಕಳ ಲೆಕ್ಕ ಗೊತ್ತಿಲ್ಲ. 20 ಮಕ್ಕಳ ಶಾಲೆಯ ತಾರಸಿಯೂ 100 ಮಕ್ಕಳ ಶಾಲೆಯ ತಾರಸಿಯಷ್ಟೇ ಅಗಲವಾಗಿರಬಹುದು, ಬಹುಪಾಲು ಅದಕ್ಕಿಂತ ಹಳೆಯದೂ ಆಗಿರುತ್ತದೆ. ಹಾಗಾಗಿ ಸಣ್ಣ ಊರಿನ ಶಾಲೆ ಮೊದಲು ಸೋರುತ್ತದೆ. ಸೋರುವುದನ್ನು ಕಂಡ ತಾಯಿ ಮಗುವನ್ನು ಹಳದಿ ವ್ಯಾನು ಬರುವ ಶಾಲೆಗೆ ಸೇರಿಸುತ್ತಾಳೆ. ಮಕ್ಕಳು ಕಡಿಮೆಯಾದರೆ ಅನುದಾನ ಇನ್ನಷ್ಟು ಇಳಿಯುತ್ತದೆ. ಸರ್ಕಾರಿ ಶಾಲೆಗೆ ಮಕ್ಕಳು ಯಾಕೆ ಬರುವುದಿಲ್ಲ ಎಂದು ವಿಚಾರಸಂಕಿರಣಗಳಲ್ಲಿ ಕೇಳುತ್ತಾರೆ. ನಾನಾದರೆ ತಾಯಂದಿರು ಮೊದಲು ಎಲ್ಲಿ ಇಣುಕಿ ನೋಡುತ್ತಾರೆ ಎಂದು ಕೇಳುತ್ತೇನೆ. ಅವರು ನೋಡುವುದು ಶೌಚಾಲಯವನ್ನು.

ಈ ಚರಿತ್ರೆಯಲ್ಲಿ ಬರೆಯದೆ ಬಿಟ್ಟ ಒಂದು ಅಧ್ಯಾಯವಿದೆ. ಇಷ್ಟು ವರ್ಷ ಈ ಶಾಲೆಗಳನ್ನು ದಿನವೂ ಗುಡಿಸಿದವರು ಯಾರು? ಹೈಸ್ಕೂಲಿನಲ್ಲಿ ಜವಾನರ ಹುದ್ದೆಯಾದರೂ ಇತ್ತು. ಹಳ್ಳಿಯ ಪ್ರಾಥಮಿಕ ಶಾಲೆಗೆ ಅಂಥ ಹುದ್ದೆಯೇ ಇರಲಿಲ್ಲ. ನಾನು ಓದುವಾಗ ನಮ್ಮ ಶಾಲೆಯಲ್ಲಿ ಬಾಗಿಲು ತೆರೆದ ಕೂಡಲೇ ಹೆಣ್ಣುಮಕ್ಕಳು ಪೊರಕೆ ಹಿಡಿಯುವುದು, ಶನಿವಾರ ಸೆಗಣಿ ತಂದು ನೆಲ ಸಾರಿಸುವುದು, ಬಾವಿಯಿಂದ ಕೊಡದಲ್ಲಿ ಕುಡಿಯುವ ನೀರು ತರುವುದು ಗಡಿಯಾರದಷ್ಟು ಕ್ರಮವಾಗಿ ನಡೆಯುತ್ತಿತ್ತು. ಗಂಡುಹುಡುಗರು ಗಿಡಕ್ಕೆ ಪಾತಿ ಮಾಡಿ ಆಟಕ್ಕೆ ಹೋಗುತ್ತಿದ್ದರು. ನೀರಿನ ಕೊಡ ಯಾವ ಜಾತಿಯ ಹುಡುಗಿ ಮುಟ್ಟಬಹುದು, ಕೊಳಕು ಮೂಲೆ ಯಾವ ಜಾತಿಯ ಮಗು ಗುಡಿಸಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಇದನ್ನು ಆಗ ಶ್ರಮದಾನವೆಂದು ಕರೆದರು. ಒಂದು ಲೆಕ್ಕದಲ್ಲಿ ನಮ್ಮ ಸರ್ಕಾರಿ ಶಾಲೆಗಳ ದುರಸ್ತಿ ನಿಧಿ ಎಂದರೆ ಹೆಣ್ಣುಮಕ್ಕಳ ತೋಳೇ ಆಗಿತ್ತು.

ಈಗ ಕಾಲ ಬದಲಾಗಿದೆ, ಬದಲಾಗಬೇಕಾದದ್ದೇ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಾಡೆಲ್ಲ ತಲೆತಗ್ಗಿಸಿತು. ಮಕ್ಕಳಿಂದ ಶೌಚಾಲಯ ತೊಳೆಸಕೂಡದು ಎಂದು ಇಲಾಖೆ ಕಟ್ಟುನಿಟ್ಟಾಗಿ ಹೇಳಿತು. ಸರಿಯಾದ ಆಜ್ಞೆ. ಆದರೆ ಮಕ್ಕಳು ತೊಳೆಯಬಾರದೆಂದರೆ ತೊಳೆಯುವವರು ಯಾರು ಎಂಬ ಪ್ರಶ್ನೆಗೆ ಹಳ್ಳಿಯ ಎರಡು ಕೋಣೆಯ ಶಾಲೆಯಲ್ಲಿ ಉತ್ತರವಿಲ್ಲ. ಆದ್ದರಿಂದ ಸುಲಭದ ಉಪಾಯವೊಂದು ಹುಟ್ಟಿಕೊಳ್ಳುತ್ತದೆ. ಶೌಚಾಲಯಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಕಚೇರಿಯ ಮೊಳೆಗೆ ನೇತುಹಾಕುವುದು. 2014ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಘೋಷಿಸಿದ ಮೇಲೆ ಶಾಲೆ ಶಾಲೆಗೂ ಶೌಚಾಲಯಗಳು ಎದ್ದವು. ಲೆಕ್ಕದಲ್ಲಿ ಅವೆಲ್ಲ ಇವೆ. ನೀರಿನ ನಲ್ಲಿ ಇದೆಯೇ, ಚಿಲಕ ಇದೆಯೇ, ದಿನವೂ ಯಾರು ತೊಳೆಯುತ್ತಾರೆ ಎಂಬುದು ಬೇರೆ ಲೆಕ್ಕ.

ಬೀಗ ಹಾಕಿದ ಶೌಚಾಲಯದ ಎದುರು ಓದುವ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಅವಳಿಗೆ ಕಲಿಸುವ ಟೀಚರೂ ಕುಡಿಯುವುದಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಶೌಚಾಲಯದ ಗೋಡೆ ಕುಸಿದ ಮೇಲೆ ಎರಡು ವರ್ಷ ಪಕ್ಕದ ಮನೆಯ ಅಜ್ಜಿಯ ಹಿತ್ತಲೇ ನಮಗೆ ಗತಿಯಾಗಿತ್ತು. "ಬಾರವ್ವ, ನಾಚ್ಕೆ ಯಾಕೆ, ನಂಗೂ ಹೆಣ್ಮಕ್ಳಿಲ್ವಾ" ಎಂದು ಆಕೆ ಹಿತ್ತಲ ಬಾಗಿಲು ತೆರೆದಿಡುತ್ತಿದ್ದಳು. ಮುಟ್ಟಾದ ದಿನ ದೊಡ್ಡ ಹುಡುಗಿಯರು ಶಾಲೆಗೇ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತಿಂಗಳಿಗೆ ಮೂರು ನಾಲ್ಕು ಗೈರು, ಕಾರಣದ ಅಂಕಣದಲ್ಲಿ 'ಹೊಟ್ಟೆನೋವು'. ಲೆಕ್ಕ ಹಾಕಿದರೆ ವರ್ಷಕ್ಕೆ ಒಂದು ತಿಂಗಳ ಪಾಠ ಆ ಕುಸಿದ ಗೋಡೆಯಡಿ ಹೋಯಿತು.

ಕುಡಿಯುವ ನೀರಿನದೂ ಇದೇ ಕಥೆ. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ನೀರು ಶುದ್ಧ ಮಾಡುವ ಯಂತ್ರ ಕೂರಿಸಿದರೂ ಅದರ ಜಾಲರಿ ಬದಲಾಯಿಸದಿದ್ದರೆ ಯಂತ್ರ ಅಲಂಕಾರಕ್ಕೆ. ಅದೇ ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಅತ್ತ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಮುಖ್ಯಮಂತ್ರಿಗಳು ಘೋಷಿಸಿದ್ದು 2023ರ ರಾಜ್ಯೋತ್ಸವದ ದಿನ. ಅಲ್ಲಿಯವರೆಗೆ ಕರೆಂಟಿನ ಬಿಲ್ಲು ಕಟ್ಟಲು ಮುಖ್ಯೋಪಾಧ್ಯಾಯರು ಪಟ್ಟ ಪಾಡು ನಮ್ಮ ವೃತ್ತಿಯವರಿಗೆ ಗೊತ್ತು.

ಬಿದ್ದದ್ದನ್ನು ಸರಿಪಡಿಸುವ ಕಾನೂನುಗಳಿಗೆ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಕಾಲಕ್ಕೂ ಒದಗುವ ಕಟ್ಟಡ, ಪ್ರತ್ಯೇಕ ಶೌಚಾಲಯ, ಶುದ್ಧ ನೀರು, ಕಾಂಪೌಂಡುಗಳನ್ನು ಮೂರು ವರ್ಷದಲ್ಲಿ ಕೊಡಿ ಎಂದಿತು. ಆ ಗಡುವು 2013ರ ಮಾರ್ಚಿಗೇ ಮುಗಿಯಿತು. 2012ರಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳಲ್ಲಿ ಶೌಚಾಲಯ, ನೀರು ಕೊಡಿ ಎಂದಿತು. 2023ರಲ್ಲಿ ನಮ್ಮ ಹೈಕೋರ್ಟು ಶಾಲೆಗಳ ಸ್ಥಿತಿ ಕಂಡು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅದಕ್ಕೆ ಮುಂಚೆ, 2022ರಲ್ಲಿ, 'ವಿವೇಕ' ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಹೊಸ ಕೊಠಡಿಗಳೆಂದು ಸಾರಿದಾಗ ನಾಡಿನಲ್ಲಿ ಚರ್ಚೆಯಾದದ್ದು ಅವುಗಳಿಗೆ ಯಾವ ಬಣ್ಣ ಬಳಿಯಬೇಕೆಂದು. ಇಪ್ಪತ್ತು ವರ್ಷದ ಮೇಲೆ ಅವುಗಳ ತಾರಸಿಯನ್ನು ಯಾರು ಗುಡಿಸುತ್ತಾರೆಂದು ಯಾರೂ ಜಗಳವಾಡಲಿಲ್ಲ.

ಇದು ಬರೀ ಬಡತನದ ಮಾತಲ್ಲ. 2023ರ ಆಗಸ್ಟ್ ಕೊನೆಯಲ್ಲಿ, ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ, ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ಕಟ್ಟಡಗಳನ್ನು ಮುಚ್ಚುವಂತೆ ಹೇಳಬೇಕಾಯಿತು. ಕಳೆದ ಶತಮಾನದ ನಡುಭಾಗದಿಂದ ಅಗ್ಗವೆಂದು ಬಳಸಿದ ಹಗುರ ಕಾಂಕ್ರೀಟಿನ ಹಲಗೆಗಳು ಆಯುಷ್ಯ ಮುಗಿದು ಯಾವಾಗ ಬೀಳುತ್ತವೋ ತಿಳಿಯದಂತಾಗಿದ್ದವು. ಅಲ್ಲಿ ಮಕ್ಕಳು ಡೇರೆಗಳಲ್ಲಿ ಕೂತು ಓದಿದರು. ನಮ್ಮಲ್ಲಿ ಅಷ್ಟು ಎಚ್ಚರವೂ ಇರುವುದಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಸೂರು ಕುಸಿದು ಏಳು ಮಕ್ಕಳು ಸತ್ತರು. ಮೇಲಿನಿಂದ ಚೂರು ಬೀಳುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ಬರೆದವು. ಆ ಸುದ್ದಿ ಓದಿದ ಮರುದಿನ ನಾನು ತರಗತಿಯಲ್ಲಿ ಪಾಠಕ್ಕಿಂತ ಹೆಚ್ಚು ಹೊತ್ತು ತೊಲೆಯನ್ನೇ ನೋಡಿದೆ. ದೇಶದ ಎಷ್ಟೋ ಟೀಚರುಗಳು ಅಂದು ಹಾಗೆಯೇ ಕತ್ತೆತ್ತಿ ನೋಡಿರಬೇಕು.

ಹಾಗಾದರೆ ದಾರಿ ಇಲ್ಲವೇ? ನಮ್ಮ ಶಾಲೆಗಳಲ್ಲೇ ಒಂದು ಉದಾಹರಣೆ ಇದೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ನಮ್ಮ ಕಡೆಗೂ ಬಂತು. ಆಗ ಎಷ್ಟೋ ಜನ ಇದು ನಾಲ್ಕು ದಿನದ್ದು ಎಂದರು. ಇಪ್ಪತ್ತು ವರ್ಷ ದಾಟಿದರೂ ಒಲೆ ಹೊತ್ತುತ್ತಿದೆ. ಯಾಕೆಂದರೆ ಅದಕ್ಕೆ ಒಬ್ಬ ಅಡಿಗೆಯವಳನ್ನು ನೇಮಿಸಿದರು, ಸಣ್ಣದಾದರೂ ಗೌರವಧನವೆಂದು ಕೊಟ್ಟರು, ದಿನದ ಲೆಕ್ಕ ಇಟ್ಟರು, ಅಡಿಗೆ ಆಗದ ದಿನ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿದೆ. ಆಕೆಗೆ ಸಿಗುವುದು ಸಾಲದು ಎಂಬುದು ಬೇರೆಯೇ ಮಾತು. ಅನ್ನಕ್ಕೆ ಮಾಡಿದ ಏರ್ಪಾಡನ್ನು ಸೂರಿಗೂ ಶೌಚಾಲಯಕ್ಕೂ ಮಾಡಲಾಗದೆ? ಎರಡು ಮೂರು ಶಾಲೆಗಳಿಗೆ ಸೇರಿಸಿ ಸರಿಯಾದ ಸಂಬಳದ ಒಬ್ಬ ಕೆಲಸದಾಳು, ಮುಂಗಾರಿಗೆ ಮುಂಚೆ ತಾರಸಿ ನೋಡುವ ಒಂದು ದಿನ, ಹೊಸ ಕೊಠಡಿಯ ಅಂದಾಜಿನಲ್ಲೇ ಮುಂದಿನ ದುರಸ್ತಿಗೆಂದು ಎತ್ತಿಡುವ ಒಂದು ಪಾಲು. ಹಳೆಯವರು ಖಂಡಸ್ಫುಟಿತ ಜೀರ್ಣೋದ್ಧಾರವೆಂದು ಕಲ್ಲಿನಲ್ಲಿ ಬರೆಸಿದ್ದು ಇದನ್ನೇ.

ಪಟ್ಟಣದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹಳ್ಳಿಯ ಮಾತೆನಿಸಬಹುದು. ನಿಮ್ಮ ಬೀದಿಯ ಕೊನೆಯಲ್ಲೂ ಒಂದು ಸರ್ಕಾರಿ ಶಾಲೆಯಿದೆ, ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳ ಮಗಳು ಅಲ್ಲಿ ಓದುತ್ತಾಳೆ. ಕಾನೂನಿನಂತೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಅವಳನ್ನು ಆ ಸಭೆಗೆ ಹೋಗು ಎನ್ನಿ, ಆ ಸಂಜೆ ಕೆಲಸಕ್ಕೆ ತಡವಾಗಿ ಬಂದರೆ ಗೊಣಗಬೇಡಿ. ಸಹಿ ಹಾಕುವ ಮುಂಚೆ ಅವಳು ಮೂರು ಮಾತು ಕೇಳಲಿ: ಈ ವರ್ಷದ ಅನುದಾನ ಎಷ್ಟು ಬಂತು, ತಾರಸಿಯನ್ನು ಕಡೆಯ ಸಲ ಯಾರು ಹತ್ತಿ ನೋಡಿದರು, ಶೌಚಾಲಯದ ಬೀಗದ ಕೈ ಎಲ್ಲಿದೆ.